ನಲವತ್ತೊಂದನೇ ಗುರುತಿನ ಗೂಡು

ವಿಚಾರಣೆ ಮಧ್ಯಾಹ್ನ ಮೂರಕ್ಕೆ. ಅಷ್ಟರೊಳಗೆ ಕಮರಿಯ ಬಂಡೆಯಲ್ಲಿ ರಣಹದ್ದಿನ ಮರಿ ಇದೆಯೆಂದು ತೋರಿಸದಿದ್ದರೆ ಗಣಿ ಕಂಪನಿ ನಾಳೆಯೇ ಸಿಡಿಮದ್ದು ಇಡುತ್ತದೆ. 'ಇಲ್ಲಿ ಒಂದು ಗೂಡೂ ಇಲ್ಲ' ಎಂದು ಅವರ ವರದಿ ಹೇಳುತ್ತಿತ್ತು.

ಛಾಯಾಗ್ರಾಹಕಿ ಈ ಕಾಡಿನ ಬಗ್ಗೆ ಮೂರು ಪುಸ್ತಕ ಬರೆದವಳು. ಹೋದ ವಾರ ವಿಚಾರಣೆಯ ಅಧಿಕಾರಿ ಅವಳ ಚಿತ್ರಗಳನ್ನು ತಿರುವಿಹಾಕಿ, "ಚೆನ್ನಾಗಿವೆ ಮೇಡಂ. ಆದ್ರೆ ಇದೇ ಬಂಡೆ ಅಂತ ಏನು ಗ್ಯಾರಂಟಿ?" ಎಂದಿದ್ದರು. ಮರಿಗಳ್ಳರಿಗೆ ಸುಳಿವು ಸಿಗದಿರಲೆಂದು, ಗೂಡಿನ ಸುತ್ತಲಿನದೇನೂ ಕಾಣದಂತೆ ಚಿತ್ರ ತೆಗೆಯುವುದು ಅವಳ ಇಪ್ಪತ್ತು ವರ್ಷದ ಪದ್ಧತಿ.

ಬೆಳಕು ಹರಿಯುವಾಗಲೇ ದೋಣಿಯ ಹೆಂಗಸು ಅವಳನ್ನೂ ಭಾವನನ್ನೂ ಹೊಳೆ ದಾಟಿಸಿದಳು. ಬೆಟ್ಟ ಹತ್ತುವುದನ್ನು ಕಲಿಸುವುದೇ ಭಾವನ ಕೆಲಸ. ಗೂಡಿನ ಎದುರಿನ ಕಡಿದಾದ ಗುಡ್ಡಕ್ಕೆ ಅವರು ಹಗ್ಗ ಬಿಗಿದರು. ಬಿಸಿಲು ಬಂಡೆಯ ಮೈಮೇಲೆ ನಿಧಾನವಾಗಿ ಇಳಿಯುತ್ತಿತ್ತು. ಹೊಳೆ ಕೆಳಗೆಲ್ಲೋ ನೂಲಿನೆಳೆಯಾಗಿತ್ತು.

ಅವಳ ಕಾಲಡಿಯ ಕಲ್ಲು ಕಳಚಿತು. ಹಗ್ಗ ಜಗ್ಗಿತು. ಮೊಣಕಾಲು ತರಚಿತು.

"ಇದ್ದೀಯೇನೇ?"

"ಇದ್ದೀನಿ ಭಾವ. ಅಕ್ಕನಿಗೆ ಹೇಳ್ಬೇಡಿ."

"ಹೇಳಿದ್ರೆ ಮೊದಲು ನನ್ನನ್ನೇ ಮನೆಯಿಂದ ಆಚೆ ಹಾಕ್ತಾಳೆ!"

ಮೇಲೆ ತಲುಪಿ ಹನ್ನೊಂದು ಚಿತ್ರ ತೆಗೆದಳು. ಅರ್ಧ ಇಳಿದ ಮೇಲೆ ಕ್ಯಾಮೆರಾ ನೋಡಿಕೊಂಡಳು. ಮರಿ, ಕಡ್ಡಿ, ಪುಕ್ಕ. ಅಷ್ಟೇ. ಕೈ ತನ್ನ ಹಳೇ ಚಾಳಿ ಬಿಟ್ಟಿರಲಿಲ್ಲ.

"ಭಾವ, ಮತ್ತೆ ಹತ್ಬೇಕು."

"ತಲೆ ಕೆಟ್ಟಿದೆಯಾ? ಆಗ್ಲೇ ಹನ್ನೊಂದು ಗಂಟೆ! ಜಾಗ ಗೊತ್ತಾದ್ರೆ ಕಳ್ಳರು ಬರ್ತಾರೆ ಅಂತಿದ್ದವಳು ನೀನೇ."

"ಬರಲಿ, ಕಾಯ್ತೀನಿ. ಬಂಡೆನೇ ಹೋದ್ರೆ ಏನನ್ನ ಕಾಯ್ಲಿ?"

ಭಾವ ಹಗ್ಗ ಹಿಡಿದರು.

ಮತ್ತೆ ಮೇಲೆ ತಲುಪಿದಳು. ಈ ಸಲ ಸುತ್ತಲಿನ ಬಂಡೆಯೂ ಬರುವಂತೆ ಕ್ಯಾಮೆರಾದ ನೋಟವನ್ನು ಅಗಲಿಸಿದಳು. ಗೂಡಿನ ಕೆಳಗೆ ಒಂದೇ ಮಾರು ದೂರದಲ್ಲಿ ಕಂಪನಿಯವರು ಕೆಂಪು ಬಣ್ಣದಲ್ಲಿ ಬರೆದ ಅಳತೆಯ ಗುರುತು: ೪೧. ನೇತಾಡಿಕೊಂಡು ಅದನ್ನು ಬರೆದವನಿಗೆ ಗೂಡು ಕಾಣದೆ ಇರಲು ಸಾಧ್ಯವೇ ಇರಲಿಲ್ಲ. ಮರಿ ಕತ್ತು ಚಾಚಿತು. ಅವಳು ಗುಂಡಿ ಒತ್ತಿದಳು.

ಮೂರಕ್ಕೆ ಐದು ನಿಮಿಷವಿದ್ದಾಗ, ಮೈಯೆಲ್ಲ ಮಣ್ಣಾಗಿ, ಅಧಿಕಾರಿಯ ಕೋಣೆ ಹೊಕ್ಕು ಚಿತ್ರ ತೋರಿಸಿದಳು.

"ಇದ್ಯಾವ ಬಂಡೆಯೋ ಏನೋ," ಎಂದು ಕಂಪನಿಯ ವಕೀಲ ನಕ್ಕ.

"ಬಣ್ಣ ನಿಮ್ದು, ನಂಬರ್ ನಿಮ್ದು. ನೀವೇ ಹೇಳಿ ಸಾರ್."

ಅಧಿಕಾರಿ ವರದಿಯ ನಕ್ಷೆ ಬಿಡಿಸಿ ನಲವತ್ತೊಂದರ ಮೇಲೆ ಬೆರಳಿಟ್ಟರು. ವಕೀಲನ ನಗು ಆರಿತು. ಮರಿ ಹಾರುವವರೆಗೆ ಸಿಡಿಮದ್ದು ಇಡಕೂಡದು, ಅಷ್ಟರಲ್ಲಿ ಹೊಸ ಸಮೀಕ್ಷೆ ಆಗಬೇಕು ಎಂದು ಆದೇಶವಾಯಿತು.

ಸಂಜೆ ಅವಳು ಕುಂಟುತ್ತ ಹೊಳೆಯ ದಡಕ್ಕೆ ಬಂದಳು.

"ಗೆದ್ರಾ?" ದೋಣಿಯ ಹೆಂಗಸು ಕೇಳಿದಳು.

"ಮರಿ ಹಾರೋವರೆಗೆ. ಈಗ ಜಾಗ ಊರಿಗೆಲ್ಲ ಗೊತ್ತು. ನಾಳೆಯಿಂದ ದಿನಾ ಕಾವಲಿಗೆ ಬರ್ತೀನಿ."

"ಆ ಕಾಲಲ್ಲಾ?"

"ದೋಣಿ ನಡೆಸೋದು ನೀವಲ್ವಾ!" ಎಂದು ಅವಳು ನಕ್ಕಳು.