ಬೀಜಕ್ಕೆ ಬಿಟ್ಟ ಸೌತೆಕಾಯಿ

ಗುಂಡಿಯ ಗೊಬ್ಬರವನ್ನು ಮಗುಚುತ್ತಿದ್ದೆ. ರಜೆಯ ದಿನ ತೋಟದ ಕೆಲಸಕ್ಕೆ ಬರುವ ನರ್ಸಮ್ಮ ಒಣ ಎಲೆ ಸುರಿಯುತ್ತಾ ಕೇಳಿದಳು, "ಅಕ್ಕಾ, ಬಡಗಿಯಣ್ಣನಿಗೆ ಉತ್ತರ ಬರೆದ್ರಾ?"

"ಬರೀತೀನಿ."

"ಎಂಟು ತಿಂಗಳಿಂದ ಬರೀತಿದ್ದೀರಿ. ಅಷ್ಟರಲ್ಲಿ ಕುಂಬಳ ಎರಡು ಸಲ ಕಾಯಿ ಬಿಡ್ತು."

ಬಡಗಿ ಪ್ರತಿ ಭಾನುವಾರ ಬಂದು ಬಳ್ಳಿಗಳಿಗೆ ಚಪ್ಪರ ಕಟ್ಟಿಕೊಡುತ್ತಿದ್ದರು. ಎಲ್ಲರೂ ಸೇರಿ ಬೆಳೆಸುವ ಈ ತೋಟದ ವಾಲಂಟಿಯರ್‌ಗಳಿಗೆಲ್ಲ ಅಡುಗೆ ನನ್ನದು. ತಟ್ಟೆ ಹಿಡಿದು ನಿಂತಾಗ ಅವರ ಕಣ್ಣು ಅನ್ನದ ಮೇಲಿರುತ್ತಿರಲಿಲ್ಲ.

"ಉಪ್ಪು ಸರಿಯಾಗಿದೆಯಾ?"

"ಇನ್ನೂ ತಿಂದಿಲ್ವಲ್ಲ," ಎಂದು ನಗುತ್ತಿದ್ದರು. ಅರವತ್ತು ದಾಟಿದ ನನ್ನ ಕಿವಿ ಬಿಸಿಯಾಗುತ್ತಿತ್ತು.

ಬೀಜಕ್ಕೆ ಬಿಟ್ಟ ಕಾಯಿಗೆ ನಮ್ಮಲ್ಲಿ ಕೆಂಪು ದಾರ ಕಟ್ಟುತ್ತೇವೆ. ಅದನ್ನು ಯಾರೂ ಕೊಯ್ಯುವಂತಿಲ್ಲ. ಅವರು ಕಟ್ಟಿದ್ದು ಒಂದೇ ಸೌತೆಕಾಯಿಗೆ. ತೀರಿಹೋದ ಹೆಂಡತಿ ಕಾಪಾಡಿಕೊಂಡು ಬಂದ ತಳಿ, ಉಳಿದಿದ್ದ ಕೊನೆಯ ಬೀಜದ ಬಳ್ಳಿ. ಊಟವಾದ ಮೇಲೆ ಅದರ ಪಕ್ಕದಲ್ಲೇ ಕೂರುತ್ತಿದ್ದರು. "ಹಳದಿ ತಿರುಗೋಕೆ ಇನ್ನೂ ಹದಿನೈದು ದಿನ ಬೇಕು ಇವಳಿಗೆ," ಅನ್ನುತ್ತಿದ್ದರು.

ಇವಳಿಗೆ! ಸತ್ತವಳ ಮೇಲೆ ನನಗೆ ಹೊಟ್ಟೆಕಿಚ್ಚು.

ಒಂದು ಭಾನುವಾರ ದಾರ ಬಿಚ್ಚಿದೆ. ಕಾಯಿ ಕೊಯ್ದು, ಹೆಚ್ಚಿ, ಊಟಕ್ಕೆ ಬಡಿಸಿದೆ. ಅವರು ಎರಡನೇ ಸಲ ಹಾಕಿಸಿಕೊಂಡರು. "ನಿಮ್ಮ ಕೈಗುಣ," ಅಂದರು.

ಸಂಜೆ ಬರಿದಾದ ಬಳ್ಳಿಯ ಮುಂದೆ ಕುಕ್ಕರಿಸಿದ್ದರು. "ಯಾರೋ ಹೊಸಬರು ಗೊತ್ತಿಲ್ಲದೆ ಕೊಯ್ದಿರ್ಬೇಕು. ನಾನೇ ಗಂಟು ಸಡಿಲ ಬಿಟ್ಟಿದ್ದೆ." ನಾನು ಪಾತ್ರೆ ಉಜ್ಜುತ್ತಲೇ ಇದ್ದೆ.

ಮುಂದಿನ ತಿಂಗಳು ಮಗಳ ಊರಿಗೆ ಹೋದರು. ಅಲ್ಲಿಂದ ಕಾಗದ ಬಂತು: "ಇಲ್ಲೂ ಒಂದು ಚೂರು ಜಾಗ ಇದೆ. ನೀವು ಬಂದರೆ ಜೊತೆಗೆ ಬೆಳೆಯೋಣ. ಈ ವಯಸ್ಸಿಗೆ ಮದುವೆಯಾ ಅಂತ ನಗುವವರು ನಗಲಿ."

ಹೂಂ ಅನ್ನಲು ಎಷ್ಟು ಹೊತ್ತು? ಪೆನ್ನು ಹಿಡಿದಾಗಲೆಲ್ಲ ಅವರು ಎರಡನೇ ಸಲ ತಟ್ಟೆ ಮುಂದೆ ಚಾಚಿದ್ದು ಕಣ್ಣಿಗೆ ಕಟ್ಟುತ್ತಿತ್ತು.

ನರ್ಸಮ್ಮ ದನಿ ತಗ್ಗಿಸಿದಳು. "ನಿನ್ನೆ ಬಡಗಿಯಣ್ಣನ ಫೋನ್ ಬಂದಿತ್ತು ಅಕ್ಕ. 'ಬೀಜ ಹೋದಾಗ ನಾನು ಮುಖ ಸಣ್ಣ ಮಾಡಿದ್ದೇ ನಿಮ್ಮಕ್ಕನಿಗೆ ಬೇಜಾರಾಯ್ತೇನೋ, ಅದಕ್ಕೇ ಉತ್ತರ ಬರೆದಿಲ್ಲ' ಅಂತಿದ್ರು."

ಸಲಿಕೆ ಕೆಳಗಿಟ್ಟೆ. ಕೈ ತೊಳೆದು, ಅಡುಗೆಮನೆಯ ಮೆಟ್ಟಿಲಲ್ಲಿ ಕೂತು ಬರೆದೆ:

"ನಿಮ್ಮ ಸೌತೆಕಾಯಿ ಕೊಯ್ದವಳು ನಾನು. ತಿಳಿದೇ ಕೊಯ್ದೆ. ನೀವು ಅವರನ್ನು ನೆನೆಯುವುದನ್ನು ನೋಡಲಾಗಲಿಲ್ಲ. ಇದನ್ನು ಓದಿದ ಮೇಲೂ ಕರೆದರೆ ಬರುತ್ತೇನೆ."

"ಕೊಡಿ, ಫೋಟೋ ತೆಗೆದು ಈಗಲೇ ಕಳಿಸ್ತೀನಿ."

"ಬೇಡ ಕಣೆ. ಅದರಲ್ಲಿ ಕಳಿಸಿದ್ದನ್ನ ಅಳಿಸೋಕೆ ಬರುತ್ತೆ."

ಅಂಚೆ ಡಬ್ಬಿಯವರೆಗೆ ನಾನೇ ನಡೆದೆ. ಲಕೋಟೆ ಹಿಡಿದ ಕೈ ಡಬ್ಬಿಯ ಬಾಯಲ್ಲಿ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಬೆರಳು ಸಡಿಲಿಸಿದೆ.