ನಲವತ್ತನೆಯ ಪದರ

"ಸಾಯಂಕಾಲದೊಳಗೆ ತಪ್ಪೊಪ್ಪಿಗೆಗೆ ಸಹಿ ಹಾಕ್ಬೇಕಂತೆ ಮೇಡಂ. ಹಾಕಿದ್ರೆ ಕೆಲಸ ಹೋಗುತ್ತೆ, ಇನ್ನೆಲ್ಲೂ ಸೇರಿಸ್ಕೊಳ್ಳಲ್ಲ," ಎಂದಳು ವೀಣಾ. ಭದ್ರಾವತಿಯ ಆ ಶೆಡ್ಡಿಗೆ ನಾವು ಕಾಲಿಟ್ಟು ಒಂದು ನಿಮಿಷವೂ ಆಗಿರಲಿಲ್ಲ.

ನಮ್ಮ ವೀರಮ್ಮ ಮೇಡಂ ಶಿವಮೊಗ್ಗದಲ್ಲಿ ಮೂವತ್ತು ವರ್ಷ ವೆಲ್ಡಿಂಗ್ ಕಲಿಸಿದವರು. ವೀಣಾ ಅವರ ಶಿಷ್ಯೆ, ನಾನೂ ಶಿಷ್ಯನೇ. ನಿವೃತ್ತರಾದ ಮೇಲೆ ಕಾರ್ಖಾನೆಗಳ ಬಿಡಿಸಲಾಗದ ತಕರಾರುಗಳೆಲ್ಲ ಗಾಂಧಿ ಬಜಾರಿನ ಹಿಂದಿನ ಅವರ ಮನೆಗೇ ಬರುತ್ತವೆ. ಅವರನ್ನು ಸ್ಕೂಟರಿನಲ್ಲಿ ಹೊತ್ತು ತಿರುಗುವ ಭಾಗ್ಯ ನನ್ನದು. ಅಂದು ನನಗೆ ಊಟವೂ ಆಗಿರಲಿಲ್ಲ.

ಆ ಶೆಡ್ಡಿನ ಒಂದು ಕೋಣೆಯಲ್ಲಿ ರೋಬೋಟ್ ತೋಳೊಂದು ವೆಲ್ಡಿಂಗ್ ತಂತಿಯನ್ನು ಕರಗಿಸಿ, ಪದರದ ಮೇಲೆ ಪದರ ಹಾಕಿ ಪಂಪಿನ ಕವಚ ಕಟ್ಟುತ್ತದೆ. ತೋಳಿನ ದಾರಿ, ತಂತಿಯ ವೇಗ, ಎಲ್ಲವೂ ವೀಣಾ ಬರೆದ ಪ್ರೋಗ್ರಾಮು. ಒಂದು ಪದರ ನೂರೈವತ್ತು ಡಿಗ್ರಿಗೆ ಆರುವ ತನಕ ಸೆನ್ಸರ್ ತೋಳನ್ನು ತಡೆದು ನಿಲ್ಲಿಸುತ್ತದೆ. ಕರಗಿದ ಲೋಹಕ್ಕೆ ಗಾಳಿ ತಾಕದಂತೆ ಗ್ಯಾಸು ಅದನ್ನು ಮುಚ್ಚಿಕೊಂಡಿರುತ್ತದೆ. ಶುಕ್ರವಾರ ಕಟ್ಟಿದ ಕವಚ ನೀರಿನ ಪರೀಕ್ಷೆಯಲ್ಲಿ ಸೋರಿತ್ತು.

"ಮೆಷಿನ್ ತಾನೇ ಬರೆದಿಟ್ಟ ಲಾಗ್ ನೋಡಿ," ಎಂದರು ಮ್ಯಾನೇಜರ್ ಗುರುಪ್ರಸಾದ್. "ಮೊದಲ ನಲವತ್ತು ಪದರಕ್ಕೆ ನಾಲ್ಕು ನಾಲ್ಕು ನಿಮಿಷ ಕಾದಿದೆ. ಆಮೇಲೆ ಎರಡೇ ನಿಮಿಷ. ಈಕೆ ಪ್ರೋಗ್ರಾಮ್ ಬದಲಾಯಿಸಿ ಮನೆಗೆ ಹೋಗಿದಾಳೆ. ಅದನ್ನೇ ಈ ಕಾಗದದಲ್ಲಿ ಬರೆದಿದೀನಿ, ಸಹಿ ಹಾಕ್ಲಿ."

"ಮಗಳಿಗೆ ಜ್ವರ ಅಂತ ಹೇಳೇ ಹೋಗಿದ್ದೆ ಸಾರ್. ಪ್ರೋಗ್ರಾಮ್ ಮುಟ್ಟಿಲ್ಲ!"

"ಆಮೇಲೆ ಇಲ್ಲಿ ಯಾರಿದ್ರು?" ಎಂದು ಮೇಡಂ ಕೇಳಿದರು.

"ನಾನು ಆಫೀಸ್ ಬಿಟ್ಟು ಕದಲಿಲ್ಲ," ಎಂದರು ಗುರುಪ್ರಸಾದ್. ಮಾಲೀಕ ಜಯಪ್ಪ ಮೆಲ್ಲಗೆ, "ನಾನು ಒಂದು ಸಲ ಇಣುಕಿ ಹೋದೆ," ಎಂದರು. ನನ್ನ ಗುಮಾನಿ ಅವರ ಮೇಲೇ ಹೋಯಿತು.

ಮೇಡಂ ಕವಚವನ್ನು ಸುತ್ತಿ ನೋಡಿದರು. ಸೂಜಿಮೊನೆಯಂಥ ತೂತುಗಳು ಬಾಗಿಲ ಕಡೆಯ ಗೋಡೆಯಲ್ಲಿ ಮಾತ್ರ, ಅದೂ ನಲವತ್ತನೆಯ ಪದರ ದಾಟಿದ ಮೇಲಿನ ಭಾಗದಲ್ಲಿ. ಆ ಕೋಣೆಗೆ ಕಿಟಕಿಯಿಲ್ಲ, ಫ್ಯಾನಿಲ್ಲ. ಶುಕ್ರವಾರ ಬೆಳಿಗ್ಗೆ ಮೆಷಿನ್ನಿಗೆ ಪೂಜೆ ಮಾಡಿದ ಚೆಂಡುಹೂವಿನ ಎಸಳೆಲ್ಲ ಬಾಗಿಲಿನ ಎದುರು ಮೂಲೆಯಲ್ಲಿ ಗುಡ್ಡೆಯಾಗಿತ್ತು.

"ಶಿವರಾಜ, ಕಬ್ಬಿಣದ ಚೂರೆಲ್ಲ ಹಾಗೇ ಬಿದ್ದಿದೆ, ಇಲ್ಲಿ ಯಾರೂ ಗುಡಿಸಿಲ್ಲ, ನೋಡ್ದೆಯಾ ಮಾರಾಯ?" ಎಂದರು. ಹೊಟ್ಟೆ ಹಸಿದವನಿಗೆ ಕಸದ ಮಾತು! ನಾನು ಸಿಡುಕಿದೆ.

ಮೇಡಂ ನೀರು ಕೇಳಿಕೊಂಡು ಆಫೀಸಿಗೆ ಹೋದರು. ಮೇಜಿನ ಪಕ್ಕ ಎತ್ತರದ ಸ್ಟ್ಯಾಂಡ್ ಫ್ಯಾನಿತ್ತು.

"ಇದನ್ನ ಮೆಷಿನ್ ಹತ್ರ ಒಯ್ತೀರಾ?"

"ಇದು ಈ ಬಾಗಿಲು ದಾಟೇ ಇಲ್ಲ. ಆಫೀಸಿನ ಬೀಗದ ಕೈ ನನ್ನ ಹತ್ರಾನೇ ಇರೋದು," ಎಂದರು ಗುರುಪ್ರಸಾದ್.

ಮೇಡಂ ಫ್ಯಾನ್ ನಿಲ್ಲಿಸಿ, ಚೀಲದಿಂದ ಅಯಸ್ಕಾಂತ ತೆಗೆದು ರೆಕ್ಕೆಗೆ ಸವರಿದರು. ಕರಿ ಧೂಳು ಮೀಸೆಯ ಹಾಗೆ ಅಂಟಿಕೊಂಡು ಬಂತು.

ಎಲ್ಲರನ್ನೂ ಮೆಷಿನ್ನಿನ ಹತ್ತಿರ ನಿಲ್ಲಿಸಿಕೊಂಡು ಅವರು ಹೇಳಿದರು: "ಪ್ರೋಗ್ರಾಮ್ ಯಾರೂ ಮುಟ್ಟಿಲ್ಲ. ಅದು ನಿಮಿಷ ಎಣಿಸಲ್ಲ, ಬಿಸಿ ನೋಡುತ್ತೆ. ಪದರ ಬೇಗ ಆರಿದ್ರೆ ಕಾಯೋದೂ ಕಮ್ಮಿ. ಬೇಗ ಆರಿಸಿದ್ದು ಗಾಳಿ. ಬಾಗಿಲಲ್ಲಿ ಫ್ಯಾನ್ ಇಟ್ಟಿದ್ರು, ಅದಕ್ಕೇ ಹೂವು ಎದುರು ಮೂಲೆ ಸೇರಿತು. ಅದೇ ಗಾಳಿ ಆ ಕಡೆಯ ಗ್ಯಾಸನ್ನೂ ಹಾರಿಸ್ತು, ಲೋಹಕ್ಕೆ ತೂತು ಬಿತ್ತು. ಆಫೀಸಿನ ಧೂಳು ಅಯಸ್ಕಾಂತಕ್ಕೆ ಹೀಗೆ ಅಂಟಲ್ಲ ಗುರುಪ್ರಸಾದ್. ಇದು ವೆಲ್ಡಿಂಗ್ ಹೊಗೆಯ ಕಬ್ಬಿಣ. ಫ್ಯಾನ್ ಬಾಗಿಲು ದಾಟಿದೆ. ಬೀಗದ ಕೈ ನಿಮ್ಮದೇ."

ಗುರುಪ್ರಸಾದ್ ಜೇಬಿನ ಬೀಗದ ಕೈಯನ್ನು ಮುಟ್ಟಿಕೊಂಡರು.

"ಸೋಮವಾರ ಕಳಿಸ್ಬೇಕಿತ್ತು... ಇಷ್ಟೊಂದು ಕಾಯೋದು ಯಾರ ಕೈಲಾಗುತ್ತೆ ಮೇಡಂ? ಸ್ವಲ್ಪ ಬೇಗ ಆಗಲಿ ಅಂತ..."

"ಫ್ಯಾನ್ ಇಟ್ಟದ್ದು ತಿಳಿಯದ ತಪ್ಪು. ಈ ಕಾಗದ ಬರೆದದ್ದು ತಿಳಿದು ಮಾಡಿದ್ದು," ಎಂದರು ಮೇಡಂ. ಜಯಪ್ಪ ಆ ತಪ್ಪೊಪ್ಪಿಗೆಯನ್ನು ಹರಿದು ಹಾಕಿ, "ನಾಳೆಯಿಂದ ಈ ಕೋಣೆ ನಿನ್ನ ಸುಪರ್ದಿ ಕಣಮ್ಮ," ಎಂದರು.

ಗುರುಪ್ರಸಾದ್ ತಡಮಾಡದೆ ಕೈಮುಗಿದರು. "ತಪ್ಪಾಯ್ತು ವೀಣಾ. ಕ್ಷಮಿಸಿದೆ ಅಂತ ಈಗ್ಲೇ ಒಂದು ಮಾತು ಹೇಳಿಬಿಡಮ್ಮ."

ವೀಣಾ ಕಣ್ಣೊರೆಸಿಕೊಂಡು ಅವರನ್ನೇ ನೋಡಿದಳು.

"ಕಾಯಿರಿ ಸಾರ್. ಇನ್ನೂ ಬಿಸಿ ಆರಿಲ್ಲ."