ಹೆಸರು ಒಂದೇ, ಫೈಲು ಎರಡು

ದಾವಣಗೆರೆಯ ವಿದ್ಯಾನಗರದ ಉಚಿತ ಹಾಸ್ಟೆಲ್‌ನ ಪಟ್ಟಿಯಲ್ಲಿ ಪುಷ್ಪಲತಾಳ ಹೆಸರಿರಲಿಲ್ಲ. ಕಡರನಾಯಕನಹಳ್ಳಿಯ ಹುಡುಗಿ. ಎಸ್ಸೆಸ್ಸೆಲ್ಸಿಯಲ್ಲಿ ಶೇಕಡಾ ಎಂಬತ್ತೊಂಬತ್ತು. ಅರವತ್ತು ತೆಗೆದವಳಿಗೆ ಸೀಟು ಸಿಕ್ಕಿತ್ತು! ಹಾಸ್ಟೆಲ್ ಇಲ್ಲವೆಂದರೆ ಇವಳ ಓದು ಅಲ್ಲಿಗೇ ಮುಗಿದಂತೆ. ತಾಯಿ ಕಾಳವ್ವ ಸೀದಾ ಠಾಣೆ ಹತ್ತಿದಳು.

ಸಬ್ ಇನ್ಸ್‌ಪೆಕ್ಟರ್ ರುದ್ರಮುನಿ ಹಾಸ್ಟೆಲ್ ಆಫೀಸಿಗೆ ಬಂದರು. ಮ್ಯಾನೇಜರ್ ಕೊಟ್ಟೂರೇಶ್ ಕಂಪ್ಯೂಟರ್ ಆಪರೇಟರ್ ವಾಣಿಯತ್ತ ಬೆರಳು ತೋರಿಸಿದ.

"ಇವಳೇ ಮಾರ್ಕ್ಸ್ ತಿದ್ದ್ಯಾಳ್ರಿ. ನಂಗೆ ಕಂಪ್ಯೂಟರ್ ಆನ್ ಮಾಡಾಕೂ ಬರಲ್ಲ."

ರುದ್ರಮುನಿ ಒಂದೊಂದೇ ಅರ್ಜಿ ತಾಳೆ ನೋಡಿದರು. ಕಂಪ್ಯೂಟರಿನಲ್ಲಿ ಒಂದು ಅಂಕವೂ ತಪ್ಪಿರಲಿಲ್ಲ.

*

ಅದೇ ಡೇಟಾವನ್ನು ಫ್ಲಾಪಿಯಲ್ಲಿ ಹಾಕಿಕೊಂಡು ವಾಣಿಯೊಂದಿಗೆ ಹಾಸ್ಟೆಲ್‌ನ ಹರಿಹರದ ಶಾಖೆಗೆ ಹೋದರು. ಅಲ್ಲಿನ ಕಂಪ್ಯೂಟರಿನಲ್ಲಿ ಪಟ್ಟಿ ಸರಿಯಾಗಿ ಬಂತು. ಪುಷ್ಪಲತಾ ಎರಡನೆಯವಳು.

"ಇದು ಹೆಂಗಮ್ಮ?"

"ಪಟ್ಟಿ ಜೋಡಿಸಾದು ಮಾಡ್ಯೂಲ್ ಅಂತ ಬ್ಯಾರೆ ಒಂದು ಸಣ್ಣ ಪ್ರೋಗ್ರಾಂ ಫೈಲ್ ಸರ್. ಡೇಟಾಬೇಸು ಅದನ್ನ ಹೆಸರು ಹಿಡಿದು ಹುಡುಕತೈತೆ. ಮೊದ್ಲು ಆಫೀಸ್ ಫೋಲ್ಡರ್. ಅಲ್ಲಿ ಸಿಗದಿದ್ರೆ ಸಿಸ್ಟಂ ಫೋಲ್ಡರ್."

ರುದ್ರಮುನಿ ನಕ್ಕರು. "ನಂಗೆ ನಮ್ಮ ತಾತನ ಹೆಸರೇ ಇಟ್ಟಾರಮ್ಮ. ಅಂಗಳದಾಗ ನಿಂತು 'ರುದ್ರಮುನಿ' ಅಂದ್ರೆ, ಹತ್ರ ಇದ್ದೋರು 'ಓ' ಅಂತಿದ್ವಿ. ನಿಮ್ಮ ಡೇಟಾಬೇಸಿಗೂ ಯಾರೋ ಹತ್ರ ನಿಂತು ಓಗೊಟ್ಟಾರೆ!"

*

ದಾವಣಗೆರೆಗೆ ಮರಳಿ ವಾಣಿ ಹುಡುಕಿದಳು. ಒಂದೇ ಹೆಸರಿನ ಎರಡು ಫೈಲು! ಆಫೀಸ್ ಫೋಲ್ಡರಿನದು ಜೂನ್ ಹನ್ನೆರಡರಂದು ಬಂದದ್ದು. ಅಂದು ಅವಳು ರಜೆಯಲ್ಲಿದ್ದಳು.

ರುದ್ರಮುನಿ ಕೊಟ್ಟೂರೇಶನನ್ನು ಕರೆದರು. "ಇನ್ನೊಂದು ಮಾಡ್ಯೂಲ್ ಸಿಕ್ಕೈತ್ರಿ."

"ಆಫೀಸ್ ಫೋಲ್ಡರಿನಾಗ ಅದನ್ನ ಹಾಕಿದ್ದು ಇವಳೇ ಇರ್ಬೇಕ್ರಿ!"

"ಎಲ್ಲಿ ಸಿಕ್ತು ಅಂತ ನಾನು ಹೇಳೇ ಇಲ್ಲವಲ್ರಿ. ಆನ್ ಮಾಡಾಕೂ ಬರದೋರಿಗೆ ಫೋಲ್ಡರ್ ಹೆಂಗೆ ಗೊತ್ತಾತು?"

ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡಿದ್ದ. ಅರವತ್ತು ತೆಗೆದ ನಾದಿನಿಯ ಮಗಳಿಗೆ ಸೀಟು ಕೊಡಿಸಲು ಪರಿಚಯದವನಿಂದ ಆ ನಕಲಿ ಫೈಲು ಮಾಡಿಸಿದ್ದನಂತೆ. ಹತ್ತಿರದ ಫೋಲ್ಡರಿನಲ್ಲಿಟ್ಟರೆ ಡೇಟಾಬೇಸು ಅಸಲಿಯತ್ತ ತಿರುಗಿಯೂ ನೋಡದು ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ವಾಣಿ ಡೇಟಾಬೇಸಿನ ಹುಡುಕಾಟವನ್ನೇ ತೆಗೆದುಹಾಕಿದಳು. ಬರೀ ಹೆಸರಿನ ಬದಲು ಅಸಲಿ ಮಾಡ್ಯೂಲಿನ ಪೂರ್ತಿ ವಿಳಾಸ ಬರೆದಳು. ಪ್ರಿಂಟರ್ ಕಿರುಗುಟ್ಟಿತು. ಹೊಸ ಪಟ್ಟಿಯ ಎರಡನೇ ಸಾಲಿನಲ್ಲಿ ಪುಷ್ಪಲತಾ ಇದ್ದಳು.

ಕಾಳವ್ವ ಮಗಳನ್ನು ತಬ್ಬಿಕೊಂಡು ಅತ್ತಳು. ಆಮೇಲೆ ರುದ್ರಮುನಿಯತ್ತ ತಿರುಗಿದಳು.

"ಓದೋ ಹುಡುಗೀನ ಹಾಸ್ಟೆಲಿಗೆ ಸೇರ್ಸಾಕೂ ಪೊಲೀಸ್ರು ಬೇಕಾತಲ್ಲಪ್ಪ!"